ಕರಿ ಉಣ್ಣೆಗೆ ಹಿತ್ತಾಳೆ ತಕಲಿ ಯಾಕೆ ಒಗ್ಗದು?

ಪ್ರಶ್ನೆ: ಅಕ್ಕಾ, ನಮ್ಮ ಅಮ್ಮನ ತವರು ಚಳ್ಳಕೆರೆ ಹತ್ತಿರ. ಹೋದ ತಿಂಗಳು ಊರಿಗೆ ಹೋದಾಗ ಸೋದರಮಾವ 2 ಕಿಲೋ ಕರಿ ಉಣ್ಣೆ ಕೊಟ್ಟು, ‘ಈಗ ಇದನ್ನ ಯಾರೂ ಕೇಳಲ್ಲ, ನೀನೇ ಏನಾದ್ರೂ ಮಾಡ್ಕೋ’ ಅಂದರು. ನಾನು ದಿನಾ ತುಮಕೂರಿಂದ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವವಳು. ಆ ಹೊತ್ತಿನಲ್ಲಿ ಕೈಯಲ್ಲೇ ನೂಲೋಣ ಅಂತ ಖಾದಿ ಅಂಗಡಿಯಿಂದ ಒಂದು ತಕಲಿ ತಂದೆ. ಉಕ್ಕಿನ ಕಡ್ಡಿ, ಹಿತ್ತಾಳೆ ಬಿಲ್ಲೆ. ಒಂದು ಮೊಳ ನೂಲು ಬರುವಷ್ಟರಲ್ಲಿ ಎಳೆ ಕಡಿದು ತಕಲಿ ಠಣ್ ಅಂತ ಬೀಳುತ್ತದೆ. ಪಕ್ಕದವರೆಲ್ಲ ನೋಡುತ್ತಾರೆ. ನಮ್ಮ ಉಣ್ಣೆಯೇ ಸರಿಯಿಲ್ಲವಾ? ನವುರು ಎಳೆಯ ಮೆರಿನೋ ತಳಿ ಕುರಿಯ ಉಣ್ಣೆ ತರಿಸಿಕೊಳ್ಳಲಾ? ರೈಲಿನಲ್ಲಿ ನೂಲುವುದು ನಿಜವಾಗಲೂ ಆಗುವ ಮಾತಾ? ಇದರಿಂದ ನನಗೊಂದು ಸ್ವೆಟರ್ ಹೆಣೆದುಕೊಳ್ಳಬಹುದಾ?

ಉತ್ತರ: ಅಕ್ಕಾ ಅಂತ ಕರೆದಿದ್ದೀರಿ, ಹಾಗಾಗಿ ಸಲುಗೆಯಿಂದಲೇ ಹೇಳುತ್ತೇನೆ. ಮಾವ ಕೊಟ್ಟ ಉಣ್ಣೆಯನ್ನು ಬೈಯಬೇಡಿ. ನಿಮ್ಮ ಕೈಯನ್ನೂ ಬೈದುಕೊಳ್ಳಬೇಡಿ. ನೀವು ತಂದಿರುವ ತಕಲಿ ಹತ್ತಿ ನೂಲಲಿಕ್ಕೆ ಹುಟ್ಟಿದ್ದು. ಅದಕ್ಕೆ ಚಳ್ಳಕೆರೆ ಸೀಮೆಯ ಕುರಿಯ ಉಣ್ಣೆ ಕೊಟ್ಟರೆ, ಹೊಲಿಗೆ ಸೂಜಿಯಲ್ಲಿ ಗೋಣಿಚೀಲ ಹೊಲಿಯಲು ಕೂತಂತೆ.

ಹತ್ತಿಯ ಎಳೆ ಸಾಮಾನ್ಯವಾಗಿ ಒಂದು ಒಂದೂಕಾಲು ಅಂಗುಲ. ಅಷ್ಟು ಗಿಡ್ಡ ಎಳೆಗಳು ಒಂದನ್ನೊಂದು ಹಿಡಿದುಕೊಂಡು ನೂಲಾಗಬೇಕಾದರೆ ಅಂಗುಲಕ್ಕೆ ಹತ್ತಾರು ಸುತ್ತು ಹುರಿ, ಅಂದರೆ ತಿರುಚು, ಬೇಕು. ಅದಕ್ಕೇ ಹತ್ತಿಯ ತಕಲಿಗೆ ಕಡ್ಡಿ ಸಪೂರ, ಬಿಲ್ಲೆ ಪುಟ್ಟದು. ಬೆರಳಲ್ಲಿ ಒಮ್ಮೆ ತಿರುವಿದರೆ ಗಿರ್ರನೆ ಸುತ್ತಿ ಬೇಗ ನಿಂತುಬಿಡುತ್ತದೆ. ನುರಿತವರು ಅದರ ಮೊನೆಯನ್ನು ಒಂದು ಬಟ್ಟಲಲ್ಲೋ ತಟ್ಟೆಯಲ್ಲೋ ಊರಿ ತಿರುಗಿಸುವುದನ್ನು ನೀವು ನೋಡಿರಬಹುದು. ಹಾಗೆ ಮಾಡಿದರೆ ತಕಲಿಯ ಭಾರ ಎಳೆಯ ಮೇಲೆ ಬೀಳುವುದಿಲ್ಲ. ನಿಮ್ಮಮ್ಮನಿಗಿಂತ ಹಿಂದಿನ ತಲೆಮಾರಿನವರಿಗೆ ಈ ತಕಲಿಯ ಪರಿಚಯ ಚೆನ್ನಾಗಿರುತ್ತದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿ ನೂಲುವುದಕ್ಕೆ ದೊಡ್ಡ ಜಾಗವಿತ್ತು. ಮಕ್ಕಳ ಕೈಗೆ ಕೊಡಲು ತಕಲಿಯಷ್ಟು ಅಗ್ಗದ, ಜೇಬಿನಲ್ಲಿ ಹಿಡಿಯುವ ಸಾಧನ ಬೇರೆ ಇರಲಿಲ್ಲ. ನನ್ನ ತಂದೆಯೂ ಶಾಲೆಯ ನೂಲುವ ಪೀರಿಯಡ್ಡಿನಲ್ಲಿ ತಕಲಿ ತಿರುಗಿಸಿ, ಎಳೆಗಿಂತ ಹೆಚ್ಚು ಏಟು ಪಡೆದವರು.

ಉಣ್ಣೆಯ ಸ್ವಭಾವ ಬೇರೆ. ನಿಮ್ಮ ಮಾವನ ಕುರಿಗಳು ಬಹುಶಃ ಡೆಕ್ಕನಿ ತಳಿಯವು, ಕರಿ ಕಂಬಳಿಗೆ ಹೆಸರಾದವು. ವರ್ಷಕ್ಕೆ ಎರಡು ಸಲ ಕತ್ತರಿಸುವುದರಿಂದ ಎಳೆ ಎರಡು ಮೂರು ಅಂಗುಲ ಇರುತ್ತದೆ. ದಪ್ಪ, ಬಿರುಸು, ಪುಟಿಯುವ ಎಳೆ. ಅದು ದಪ್ಪ ನೂಲಾಗಲು ಇಷ್ಟಪಡುತ್ತದೆ. ದಪ್ಪ ನೂಲಿಗೆ ಹುರಿ ಕಡಿಮೆ ಸಾಕು, ಆದರೆ ಆ ಹುರಿಯನ್ನು ತುಂಬಲು ತಿರುಗುವ ವಸ್ತುವಿನಲ್ಲಿ ಕಸುವು ಬೇಕು.

ಬುಗುರಿ ಆಡಿದ್ದೀರಾ? ಸಣ್ಣ ಬುಗುರಿ ಚುರುಕಾಗಿ ತಿರುಗಿ ತೂಕಡಿಸಿಬಿಡುತ್ತದೆ. ಹೊಟ್ಟೆ ಅಗಲವಾಗಿರುವ ಬುಗುರಿ ನಿಧಾನಕ್ಕೆ ತಿರುಗಿದರೂ ಬಹಳ ಹೊತ್ತು ನಿಲ್ಲುತ್ತದೆ. ಭಾರ ನಡುಗಡ್ಡಿಯಿಂದ ದೂರ, ಅಂಚಿನಲ್ಲಿದ್ದಷ್ಟೂ ತಿರುಗಾಟ ದೀರ್ಘ. ಕದಿರಿನ, ಅಂದರೆ ನೂಲನ್ನು ತಿರುಚಿ ಸುತ್ತಿಕೊಳ್ಳುವ ಕಡ್ಡಿಯ ಗುಟ್ಟೂ ಅಷ್ಟೇ; ತಕಲಿಯೂ ಒಂದು ಬಗೆಯ ಕದಿರೇ. ನಿಮಗೆ ಬೇಕಾದದ್ದು ಅಗಲ ಬಿಲ್ಲೆಯ, 35ರಿಂದ 45 ಗ್ರಾಂ ತೂಗುವ ಮರದ ಕದಿರು. (ರಾಟೆಯ ಮೊನೆಯಲ್ಲಿ ಕೂರುವುದೂ ಕದಿರೇ, ಕೈಯಿಂದ ತೂಗುಬಿಡುವುದೂ ಕದಿರೇ. ನಾನು ಇಲ್ಲಿ ಹೇಳುತ್ತಿರುವುದು ತೂಗುಬಿಡುವ ಕದಿರು.)

ಹೊಸದನ್ನು ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಸಲ ಎಳೆ ಕಡಿದಾಗ ಬಿದ್ದ ತಕಲಿಯ ಹಿಂದೆ ಓಡಬೇಡಿ. ಕಡಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಬಣ್ಣ ಹಚ್ಚುವ ಕುಂಚದ ಹಾಗೆ ಉದ್ದಕ್ಕೆ ಕೆದರಿಕೊಂಡಿದೆಯಾ? ಹಾಗಿದ್ದರೆ ಎಳೆ ಕಡಿದಿಲ್ಲ, ಜಾರಿದೆ. ಉಣ್ಣೆಯ ಎಳೆಗಳು ಒಂದನ್ನೊಂದು ಹಿಡಿಯುವ ಮೊದಲೇ ಭಾರ ಬಿದ್ದು ಬೇರೆಬೇರೆಯಾಗಿವೆ, ಅಂದರೆ ಹುರಿ ಸಾಲಲಿಲ್ಲ. ತುದಿ ಕತ್ತರಿಸಿದ ಹಾಗೆ ಮೊಂಡಾಗಿ, ಪಕ್ಕದಲ್ಲಿ ಗಂಟುಗಂಟಾಗಿ ಸುರುಳಿ ಸುತ್ತಿಕೊಂಡಿದೆಯಾ? ಆಗ ಹುರಿ ಜಾಸ್ತಿ ಆಯಿತು, ಅಥವಾ ಆ ಜಾಗದಲ್ಲಿ ಎಳೆ ತೀರಾ ತೆಳುವಾಯಿತು. ಹೊಸಬರಲ್ಲಿ ನಾನು ನೋಡಿದ್ದು ಬಹುಪಾಲು ಮೊದಲನೆಯದೇ. ‘ಕಡಿಯುತ್ತಿದೆ’ ಅಂತ ಹೆದರಿ ಅವರು ಇನ್ನೂ ಕಡಿಮೆ ತಿರುಗಿಸುತ್ತಾರೆ, ಅದು ಇನ್ನೂ ಬೇಗ ಜಾರುತ್ತದೆ.

ಜಾರುವುದಕ್ಕೆ ಒಂದು ಕಳ್ಳ ಕಾರಣವೂ ಇದೆ. ಕದಿರು ಬಲಕ್ಕೆ ತಿರುಗಿ, ನಿಧಾನವಾಗಿ, ನಿಂತು, ನೀವು ಎಳೆ ಬಿಡಿಸುವುದರಲ್ಲಿ ಮುಳುಗಿರುವಾಗ ಸದ್ದಿಲ್ಲದೆ ಎಡಕ್ಕೆ ತಿರುಗಲು ಶುರು ಮಾಡುತ್ತದೆ. ಅಷ್ಟು ಹೊತ್ತು ತುಂಬಿದ ಹುರಿಯನ್ನೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ. ಪುಟ್ಟ ತಕಲಿಯಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಅಗಲ ಬಿಲ್ಲೆಯದರಲ್ಲಿ ನಿಮಗೆ ಎಚ್ಚೆತ್ತುಕೊಳ್ಳಲು ಸಮಯ ಸಿಗುತ್ತದೆ. ನಾನು ಬಿಲ್ಲೆಯ ಅಂಚಿಗೆ ಒಂದು ಕಡೆ ಸುಣ್ಣದ ಬೊಟ್ಟು ಇಡಿಸುತ್ತೇನೆ. ತಿರುಗುವ ದಿಕ್ಕು ಕಣ್ಣಿಗೆ ಕಾಣಬೇಕು.

ಕದಿರಿಗೆ ಸಾವಿರಗಟ್ಟಲೆ ಸುರಿಯಬೇಕಿಲ್ಲ. ಮನೆಯಲ್ಲಿ ಯಾರೂ ಹಾಕದ ಹಳೇ ಸಿಡಿಗಳಿವೆಯಲ್ಲ, ಎರಡು ತೆಗೆದುಕೊಳ್ಳಿ. ಒಂದೊಂದು ಸುಮಾರು 15 ಗ್ರಾಂ ತೂಗುತ್ತದೆ. ನಡುವಿನ ತೂತು 15 ಮಿಲಿಮೀಟರ್. ಬಡಗಿಯ ಹತ್ತಿರ ಕಿರುಬೆರಳಿಗಿಂತ ಸಪೂರದ, 11 ಅಂಗುಲದ ನೆಟ್ಟನೆ ಕಡ್ಡಿ ಮಾಡಿಸಿ. ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ, ಎರಡೂ ಸಿಡಿಗಳನ್ನು ಜೋಡಿಸಿ ಒತ್ತಿ ಕೂರಿಸಿ. ಮೇಲಿನ ತುದಿಯಿಂದ ಒಂದೂವರೆ ಅಂಗುಲ ಕೆಳಗೆ ಬಿಲ್ಲೆ ಬರಲಿ. ತುದಿಗೆ ಹಾರ್ಡ್‌ವೇರ್ ಅಂಗಡಿಯ ಪುಟ್ಟ ತಿರುಪಿನ ಕೊಕ್ಕೆ, ಸರಿಯಾಗಿ ನಡುಮಧ್ಯೆ. ಕೊಕ್ಕೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಕದಿರು ಕುಡಿದವನ ಹಾಗೆ ತೂರಾಡುತ್ತದೆ. ಇಷ್ಟಕ್ಕೆ ಹೆಚ್ಚು ಖರ್ಚಾಗುವುದಿಲ್ಲ, ತೂಕ ನಮಗೆ ಬೇಕಾದ ಹತ್ತಿರಕ್ಕೇ ಬರುತ್ತದೆ. ತೀರಾ ಅವಸರವಾದರೆ ಒಂದು ಆಲೂಗಡ್ಡೆ ಬಿಲ್ಲೆಯನ್ನು ಊದುಬತ್ತಿಗಿಂತ ದಪ್ಪದ ಕಡ್ಡಿಗೆ ಚುಚ್ಚಿಯೂ ನೂಲಬಹುದು. ತರಗತಿಯಲ್ಲಿ ಕದಿರು ಸಾಲದೆ ಬಂದ ದಿನ ನಾನು ಅದನ್ನೇ ಮಾಡಿದ್ದೇನೆ. ಎರಡನೇ ದಿನಕ್ಕೆ ಬಾಡಿ ಸೊಟ್ಟಗಾಗುತ್ತದೆ, ಅಷ್ಟೇ. ಪ್ರಪಂಚದ ಹಳೇ ನೆಲೆಗಳನ್ನು ಅಗೆದಲ್ಲೆಲ್ಲ ಮಣ್ಣಿನ, ಕಲ್ಲಿನ ಕದಿರು ಬಿಲ್ಲೆಗಳು ಸಿಗುತ್ತವೆ. ಕಡ್ಡಿ ಕೊಳೆತುಹೋಗಿರುತ್ತದೆ, ಬಿಲ್ಲೆ ಉಳಿದಿರುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ, ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನ ನಾರ್ಸ್ (ವೈಕಿಂಗ್) ಜನ ಬೀಡುಬಿಟ್ಟಿದ್ದ ಜಾಗದಲ್ಲಿ ಬಳಪದ ಕಲ್ಲಿನ ಪುಟ್ಟ ಬಿಲ್ಲೆಯೊಂದು ಸಿಕ್ಕಿತು. ಆ ಹಡಗುಗಳಲ್ಲಿ ಹೆಂಗಸರೂ ಬಂದಿದ್ದರು ಎಂದು ಹೇಳಲು ಅದೇ ಒಂದು ಮುಖ್ಯ ಸುಳುಹಾಯಿತು.

ಇನ್ನು ಉಣ್ಣೆಗೆ ಬರೋಣ. ನಿಮ್ಮ ಪತ್ರದಲ್ಲಿ ತೊಳೆದ ಮಾತೇ ಇಲ್ಲ. ಮೂಟೆಯಿಂದ ತೆಗೆದು ಹಾಗೇ ನೂಲಲು ಕೂತಿದ್ದೀರಿ ಅಂತ ನನ್ನ ಗುಮಾನಿ. ನಮ್ಮ ಕಡೆ ಕುರಿಗಳನ್ನು ಕೆರೆಗೋ ಹಳ್ಳಕ್ಕೋ ಇಳಿಸಿ ಮೈ ತೊಳೆದು ಆಮೇಲೆ ಕತ್ತರಿ ಹಾಕುವುದುಂಟು. ಆದರೂ ಧೂಳು, ನೆಗ್ಗಿಲ ಮುಳ್ಳು, ಹಿಕ್ಕೆ ಎಲ್ಲ ಇರುತ್ತದೆ. ಕನ್ನಡದಲ್ಲಿ ಉಣ್ಣೆ ಅಂದರೆ ಕುರಿಯ ತುಪ್ಪಟವೂ ಹೌದು, ಅದರ ರಕ್ತ ಹೀರುವ ಹುಳವೂ ಹೌದು. ತೊಳೆಯದ ಮೂಟೆ ಬಿಚ್ಚಿದರೆ ಎರಡೂ ಸಿಗಬಹುದು. ಒಂದು ಮಾತು ತಮಾಷೆಯಲ್ಲ: ಸತ್ತ ಕುರಿಯ ಮೈಯಿಂದ ತೆಗೆದ ಉಣ್ಣೆಯಾದರೆ ಮುಟ್ಟಲೇಬೇಡಿ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಉಣ್ಣೆಯ ಮೂಲಕ ಮನುಷ್ಯರಿಗೆ ಹರಡಬಲ್ಲದು. ಮಾವನನ್ನು ಕೇಳಿಕೊಳ್ಳಿ. ಹಿಂಜುವಾಗ ಮೂಗಿಗೆ ಮಾಸ್ಕ್ ಇರಲಿ.

ತೊಳೆಯುವುದು ಹೀಗೆ. ಇನ್ನೂರು ಗ್ರಾಂ ಉಣ್ಣೆಯನ್ನು ಈರುಳ್ಳಿ ಬರುವ ಬಲೆ ಚೀಲಕ್ಕೆ ಸಡಿಲವಾಗಿ ತುಂಬಿ. ಕೈ ಇಟ್ಟರೆ ತಡೆಯಲಾರದಷ್ಟು ಬಿಸಿ ನೀರಿಗೆ ಅಂಟುವಾಳದ ರಸ ಅಥವಾ ಪಾತ್ರೆ ತೊಳೆಯುವ ದ್ರವ ಒಂದೆರಡು ಚಮಚ ಹಾಕಿ. ಚೀಲವನ್ನು ಅದರಲ್ಲಿ ಮುಳುಗಿಸಿ ಕಾಲು ಗಂಟೆ ಬಿಟ್ಟುಬಿಡಿ. ಉಜ್ಜಬಾರದು, ಕುಸುಬಬಾರದು, ಕೋಲಾಡಿಸಬಾರದು. ಅಜ್ಜಿಯ ಮನೆಯ ಬಟ್ಟೆ ಒಗೆಯುವ ಕಲ್ಲಿನ ಅಭ್ಯಾಸವನ್ನು ಇಲ್ಲಿ ಮರೆಯಬೇಕು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿ, ಸೋಪು, ಉಜ್ಜಾಟ ಮೂರೂ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಜಡ್ಡುಗಟ್ಟುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಕೊಳೆನೀರು ಚೆಲ್ಲಿ, ಅಷ್ಟೇ ಬಿಸಿಯ ಇನ್ನೊಂದು ಬಕೆಟ್ಟಿಗೆ ಇಳಿಸಿ. ಬಿಸಿಯಿಂದ ದಿಢೀರನೆ ತಣ್ಣೀರಿಗೆ ಹಾಕಿದರೂ ಅದೇ ಗತಿ. ಮೂರು ನೀರು ಸಾಕು. ನೆರಳಲ್ಲಿ ಒಣಗಿಸಿ. ನಮ್ಮ ಉಣ್ಣೆಯಲ್ಲಿ ಮೆರಿನೋದಷ್ಟು ಜಿಡ್ಡಿಲ್ಲ, ಆ ಪುಣ್ಯ ನಿಮಗಿದೆ. ಎರಡು ಕಿಲೋ ತೊಳೆದು, ಮುಳ್ಳು ಆರಿಸಿ, ಹಿಂಜಿದ ಮೇಲೆ ಒಂದೂವರೆ ಕಿಲೋ ಕೈಗೆ ಬಂದರೆ ಖುಷಿಪಡಿ.

ಒಣಗಿದ ಉಣ್ಣೆಯನ್ನು ಬೆರಳಲ್ಲಿ ಹಿಂಜಬೇಕು. ಕಂಬಳಿಯವರು ಬಿಲ್ಲು ಮೀಟಿ ಹಿಂಜುತ್ತಾರೆ. ನರದ ಹೆದೆ ‘ಡುಂಯ್ ಡುಂಯ್’ ಅಂದ ಹಾಗೆಲ್ಲ ಉಣ್ಣೆ ಮೋಡದ ಹಾಗೆ ಅರಳುತ್ತದೆ, ಧೂಳು ಕೆಳಗೆ ಉದುರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅದು ಆಗದ ಮಾತು. ನಾಯಿಯ ಕೂದಲು ಬಾಚುವ ತಂತಿಹಲ್ಲಿನ ಬ್ರಷ್ ಎರಡು ಕೊಳ್ಳಿ. ಒಂದರ ಮೇಲೆ ಉಣ್ಣೆ ಹರಡಿ, ಇನ್ನೊಂದರಲ್ಲಿ ಮೆಲ್ಲಗೆ ಎರಡು ಮೂರು ಸಲ ಬಾಚಿ. ಬಿಡಿಸಿಕೊಂಡು ಅಂಗೈಯಲ್ಲಿ ಸಡಿಲವಾಗಿ ಉರುಳಿಸಿದರೆ ಹಂಜಿ ಸಿದ್ಧ, ಹೆಬ್ಬೆರಳಷ್ಟು ದಪ್ಪ, ಗೇಣುದ್ದ. ಭಾನುವಾರ ಟಿವಿ ಮುಂದೆ ಕೂತು ಮೂವತ್ತು ಹಂಜಿ ಮಾಡಿಟ್ಟುಕೊಂಡರೆ ವಾರದ ರೈಲಿಗೆ ಸಾಕು. ಸತ್ಯ ಹೇಳಬೇಕೆಂದರೆ ನೂಲುವ ಕೆಲಸದ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ. ಹಂಜಿಯಲ್ಲಿ ಗಂಟು ಉಳಿದರೆ ನೂಲಿನಲ್ಲೂ ಗಂಟೇ.

ಮೊದಲ ವಾರ ರೈಲು ಬೇಡ, ಮನೆಯಲ್ಲೇ ಕಲಿಯಿರಿ. ಕದಿರಿನ ಕಡ್ಡಿಗೆ, ಬಿಲ್ಲೆಯ ಕೆಳಗೆ, ಒಂದು ಮೊಳ ಉಣ್ಣೆ ದಾರ ಕಟ್ಟಿ ಬಿಲ್ಲೆಯ ಮೇಲಕ್ಕೆ ತಂದು ಕೊಕ್ಕೆಗೆ ಸಿಕ್ಕಿಸಿ. ದಾರದ ತುದಿಯನ್ನು ಸ್ವಲ್ಪ ಕೆದರಿ, ಹಂಜಿಯ ತುದಿಯನ್ನು ಅದರ ಮೇಲೆ ನಾಲ್ಕು ಬೆರಳಷ್ಟು ಹೊದಿಸಿ ಎಡಗೈಯಲ್ಲಿ ಚಿವುಟಿ ಹಿಡಿಯಿರಿ. ಬಲಗೈಯಲ್ಲಿ ಕದಿರನ್ನು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿ. ದಾರದಲ್ಲಿ ಹುರಿ ಚೆನ್ನಾಗಿ ತುಂಬಲಿ. ಈಗ ಕದಿರನ್ನು ತೂಗಬಿಡದೆ ಎರಡು ಮೊಣಕಾಲ ನಡುವೆ ಸಿಕ್ಕಿಸಿಬಿಡಿ. ಇನ್ನು ಅದು ಬೀಳುವ ಹಾಗೂ ಇಲ್ಲ, ಹಿಂದಕ್ಕೆ ತಿರುಗುವ ಹಾಗೂ ಇಲ್ಲ. ನಿಮ್ಮ ಎರಡೂ ಕೈ ಖಾಲಿ.

ಇಲ್ಲಿ ನಿಧಾನಿಸಿ. ಬಲಗೈ ಹೆಬ್ಬೆರಳು ತೋರುಬೆರಳು ಹುರಿಯನ್ನು ತಡೆದು ನಿಂತಿವೆ. ಎಡಗೈ ಮೂರು ನಾಲ್ಕು ಅಂಗುಲ ಹಿಂದೆ, ಮೊಟ್ಟೆ ಹಿಡಿದಷ್ಟು ಮೆತ್ತಗೆ ಹಂಜಿ ಹಿಡಿದಿದೆ. ಎಡಗೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಎರಡೂ ಕೈ ನಡುವೆ ಎಳೆಗಳು ಒಂದರ ಪಕ್ಕ ಒಂದು ಜಾರಿ, ಅಗಲದಿಂದ ಕಿರಿದಾಗಿ, ಮೂಲೆ ಕತ್ತರಿಸಿದ ಕರ್ಚೀಫಿನ ತ್ರಿಕೋನದ ಹಾಗೆ ಕಾಣುತ್ತವೆ. ಆಮೇಲೆ ಬಲಗೈ ಬೆರಳನ್ನು ಒಂದು ಕ್ಷಣ ಸಡಿಲ ಮಾಡಿ ಮುಂದೆ ಜಾರಿಸಿ. ಕಾದು ನಿಂತಿದ್ದ ಹುರಿ ಆ ತ್ರಿಕೋನದೊಳಕ್ಕೆ ನುಗ್ಗುತ್ತದೆ. ಕೆದರಿದ್ದ ಉಣ್ಣೆ ನಿಮ್ಮ ಕಣ್ಣೆದುರೇ ಬಿಗಿದುಕೊಂಡು ನೂಲಾಗುತ್ತದೆ. ಹುರಿ ಎಡಗೈ ಬೆರಳ ಹತ್ತಿರ ಬರುವ ಮೊದಲೇ ಮತ್ತೆ ಚಿವುಟಿ ನಿಲ್ಲಿಸಿ. ಹಂಜಿಯೊಳಗೆ ಹುರಿ ಹೊಕ್ಕರೆ ಅಲ್ಲೊಂದು ಹುಣಸೆಹಣ್ಣಿನಂಥ ಗಡ್ಡೆ ಆಗುತ್ತದೆ. ಎರಡು ಕೈ ತೀರಾ ಹತ್ತಿರವಿದ್ದರೆ ಒಂದೇ ಎಳೆಯ ಎರಡು ತುದಿಯನ್ನು ಎರಡೂ ಕೈ ಹಿಡಿದಂತಾಗಿ ಎಷ್ಟು ಎಳೆದರೂ ಅಲುಗುವುದಿಲ್ಲ. ‘ಉಣ್ಣೆ ಬರ್ತಾನೇ ಇಲ್ಲ’ ಅನ್ನುವವರದೆಲ್ಲ ಇದೇ ತೊಂದರೆ. ಇನ್ನೊಂದು ಅಂಗುಲ ದೂರ ಹಿಡಿಯಿರಿ, ತನ್ನಿಂತಾನೆ ಬರುತ್ತದೆ.

ಹುರಿ ಮುಗಿದಂತೆ ಕಂಡರೆ ಮತ್ತೆ ತಿರುಗಿಸಿ, ಮತ್ತೆ ಮೊಣಕಾಲ ನಡುವೆ ಇಡಿ. ಒಂದು ಮಾರು ಆದ ಮೇಲೆ ಕೊಕ್ಕೆಯಿಂದ ಬಿಡಿಸಿ ಕಡ್ಡಿಗೆ ಸುತ್ತಿ. ಇದು ನಾಚಿಕೆಯ ವಿಧಾನ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನಾನು ಇವತ್ತಿಗೂ ಬಸ್ಸಿನಲ್ಲಿ ಹೀಗೇ ನೂಲುವುದು.

ಹೌದು, ರೈಲಿನಲ್ಲಿ ಆಗುತ್ತದೆ. ಕೂತ ಜಾಗದಿಂದ ಕದಿರನ್ನು ನೆಲದವರೆಗೆ ಇಳಿಬಿಡುವ ಆಸೆ ಮಾತ್ರ ಬಿಡಿ. ಗಾಡಿ ಕುಲುಕಿದಾಗ ಎದುರಿನವರ ಮೊಣಕಾಲಿಗೆ ಬಡಿಯುತ್ತದೆ. ಬಿಲ್ಲೆ ಮೇಲಿರುವ ಕದಿರಿಗೆ ಒಂದು ಅನುಕೂಲವಿದೆ: ಕೆಳಗಿನ ಕಡ್ಡಿಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಉರುಳಿಸಿದರೆ ಬೆರಳಲ್ಲಿ ತಿರುವಿದ್ದಕ್ಕಿಂತ ಎಷ್ಟೋ ಹೆಚ್ಚು ತಿರುಗುತ್ತದೆ. ಜೀನ್ಸ್ ಇದ್ದರೆ ಇನ್ನೂ ಚೆನ್ನ, ರೇಷ್ಮೆ ಜಾರುತ್ತದೆ. ತೊಡೆಯ ಮೇಲೆ ಉರುಳಿಸಿ, ಎದೆಯ ಎತ್ತರಕ್ಕೆ ಎತ್ತಿ, ಒಂದು ಗೇಣು ಇಳಿಯುವಷ್ಟು ನೂಲಿ, ಮೊಣಕಾಲಿಗೆ ಸಿಕ್ಕಿಸಿ ಎಳೆ ಬಿಡಿಸಿ. ಮೂರು ಅಡಿ ಜಾಗವೂ ಬೇಡ. ಹಂಜಿಯನ್ನು ಸಡಿಲ ಬಳೆಯ ಹಾಗೆ ಎಡಗೈ ಮಣಿಕಟ್ಟಿಗೆ ಸುತ್ತಿಕೊಳ್ಳಿ. ಹೆಗಲ ಮೇಲಿನ ದುಪಟ್ಟಾ ತುದಿಯನ್ನು ಗಂಟು ಹಾಕಿಕೊಂಡು ಕೂತುಕೊಳ್ಳಿ, ಇಲ್ಲದಿದ್ದರೆ ನೂಲಿನ ಜೊತೆ ಅದೂ ಹುರಿಯಾಗುತ್ತದೆ. ಕದಿರು ಇಡಲು ಷಟಲ್ ಕಾಕ್ ಬರುವ ರಟ್ಟಿನ ಕೊಳವೆ ಒಳ್ಳೆಯದು, ಆದರೆ ಸಿಡಿ ಅದರಲ್ಲಿ ಹಿಡಿಯುವುದಿಲ್ಲ. ಕೈ ಕುದುರಿದ ಮೇಲೆ ಎರಡೂವರೆ ಅಂಗುಲದ ಮರದ ಬಿಲ್ಲೆ ಮಾಡಿಸಿದರೆ ಹಿಡಿಯುತ್ತದೆ. ಚನ್ನಪಟ್ಟಣದ ಕಡೆ ಬೊಂಬೆ ಕಡೆಯುವವರಿಗೆ ಅಳತೆ ಕೊಟ್ಟರೆ ಹಾಲೆಮರದಲ್ಲಿ ಕಡೆದುಕೊಡುತ್ತಾರೆ. ಹಾಲೆ ಹಗುರ, ಹಾಗಾಗಿ ಬಿಲ್ಲೆಯ ದಪ್ಪ ಸ್ವಲ್ಪ ಜಾಸ್ತಿ ಹೇಳಿ.

ನೋಡುವವರು ನೋಡಲಿ. ಹಿಮಾಚಲದ ಗದ್ದಿ ಕುರಿಗಾಹಿಗಳಲ್ಲಿ ಗಂಡಸರೇ ಮಂದೆಯ ಹಿಂದೆ ನಡೆಯುತ್ತ ತಕಲಿ ತಿರುಗಿಸುತ್ತಾರೆ. ಪೆರುವಿನ ಬೆಟ್ಟಗಳಲ್ಲಿ ಕೆಚುವಾ ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಸಂತೆಗೆ ಹೋಗುವ ದಾರಿಯಲ್ಲೇ ‘ಪುಷ್ಕ’ ಎಂಬ ಕದಿರಿನಲ್ಲಿ ನೂಲುತ್ತಾರೆ. ಅವರಿಗೆ ನಡೆಯುವುದು ಬೇರೆ, ನೂಲುವುದು ಬೇರೆ ಅಲ್ಲ. ನಮ್ಮ ಹಟ್ಟಿಗಳಲ್ಲಿ ಕಂಬಳಿಯ ನೂಲು ಹೆಚ್ಚಾಗಿ ರಾಟೆಯಲ್ಲೇ ಆಗುತ್ತದೆ. ನನಗೆ ನೂಲಲು ಕಲಿಸಿದ ಅಜ್ಜಿ ಜಗುಲಿಯಲ್ಲಿ ಕೂತಾಗ ರಾಟೆ ತಿರುವುತ್ತಿದ್ದರು, ಆಸ್ಪತ್ರೆಯಲ್ಲಿ ಮೊಮ್ಮಗನನ್ನು ಕಾಯುವಾಗ ಬಗಲ ಚೀಲದಿಂದ ಕದಿರು ತೆಗೆಯುತ್ತಿದ್ದರು. ‘ಕೈ ಸುಮ್ಕಿದ್ರೆ ಬಾಯಿ ಕೆಲ್ಸ ಮಾಡ್ತದೆ’ ಅನ್ನುವುದು ಅವರ ಸಮಜಾಯಿಷಿ.

ಕಡ್ಡಿಯ ಮೇಲೆ ಸುತ್ತಿದ ನೂಲು ಕದಿರಿನಷ್ಟೇ ತೂಕ ಬರುವ ಹೊತ್ತಿಗೆ ನಿಲ್ಲಿಸಿ. ಆಮೇಲೆ ಭಾರಕ್ಕೆ ಹೊಸ ಎಳೆ ಮತ್ತೆ ಜಾರಲು ಶುರುವಾಗುತ್ತದೆ. ಅದನ್ನು ಉಂಡೆ ಮಾಡಿ, ಇನ್ನೊಂದು ಉಂಡೆ ತುಂಬಿಸಿ. ಎರಡೂ ಉಂಡೆಗಳನ್ನು ಎರಡು ಲೋಟದಲ್ಲಿ ಹಾಕಿ, ತುದಿಗಳನ್ನು ಒಟ್ಟಿಗೆ ಹಿಡಿದು, ಈ ಸಲ ಕದಿರನ್ನು ಎಡಕ್ಕೆ ತಿರುಗಿಸಿ ಎರಡೆಳೆ ಹುರಿ ಮಾಡಿ. ಬಲಕ್ಕೆ ತುಂಬಿದ್ದ ಹುರಿ ಎಡದ ಹುರಿಯ ಜೊತೆ ಸಮವಾಗಿ ನೂಲು ಶಾಂತವಾಗುತ್ತದೆ. ಎಷ್ಟು ಹುರಿ ಬೇಕು ಅನ್ನುವುದಕ್ಕೆ ಅಳತೆಪಟ್ಟಿ ಬೇಡ. ಆಗಷ್ಟೇ ನೂತ ಒಂಟಿ ಎಳೆಯ ಒಂದು ಗೇಣನ್ನು ಮಧ್ಯಕ್ಕೆ ಮಡಚಿ ಬಿಡಿ. ಅದು ತನ್ನ ಮೇಲೆ ತಾನೇ ಸುತ್ತಿಕೊಂಡು ತೋರಿಸುವ ರೂಪವೇ ನಿಮ್ಮ ಎರಡೆಳೆ ನೂಲು. ಮೊದಲ ದಿನವೇ ಅದರ ಒಂದು ತುಂಡನ್ನು ರಟ್ಟಿಗೆ ಸುತ್ತಿಟ್ಟುಕೊಂಡು ದಿನಾ ಅದಕ್ಕೆ ಹೋಲಿಸಿ ನೋಡಿ. ಸೋಮವಾರದ ನೂಲು ಶುಕ್ರವಾರಕ್ಕೆ ಎರಡು ಪಟ್ಟು ದಪ್ಪವಾಗಿರುವುದು ನನಗೂ ಆಗಿದೆ. ಕೊನೆಗೆ ಲಡಿ ಮಾಡಿ, ಬೆಚ್ಚನೆ ನೀರಲ್ಲಿ ಹತ್ತು ನಿಮಿಷ ನೆನೆಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ನೇತುಹಾಕಿ. ಭಾರ ಕಟ್ಟಬೇಡಿ. ಕಟ್ಟಿದರೆ ನೂಲಿನ ಪುಟಿತ ಹೋಗುತ್ತದೆ.

ಮೆರಿನೋ ಬಗ್ಗೆ ಕೇಳಿದ್ದೀರಿ. ನೂಲಲು ಸುಲಭವಾಗಲಿ ಅಂತ ತರಿಸುವುದಾದರೆ ಬೇಡ. ಮೆರಿನೋ ಎಳೆ ತೀರಾ ನವುರು, ದಪ್ಪ ಸಾಮಾನ್ಯವಾಗಿ 18ರಿಂದ 23 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಜಾರುಬಂಡೆಯ ಹಾಗೆ ಜಾರುತ್ತದೆ, ಹುರಿಯೂ ಜಾಸ್ತಿ ಕೇಳುತ್ತದೆ. ಹೊಸ ಕೈಗೆ ನಮ್ಮ ಬಿರುಸು ಉಣ್ಣೆಯೇ ವಾಸಿ, ಎಳೆಗಳು ಒಂದನ್ನೊಂದು ಬೇಗ ಹಿಡಿಯುತ್ತವೆ. ಆದರೆ ಸ್ವೆಟರಿನ ವಿಷಯದಲ್ಲಿ ನಿಮಗೆ ಬೇಸರದ ಉತ್ತರ ಕೊಡಬೇಕಾಗಿದೆ. ಸುಮಾರು 30 ಮೈಕ್ರಾನ್ ದಾಟಿದ ಎಳೆಯ ತುದಿ ಚರ್ಮಕ್ಕೆ ತಾಗಿದರೆ ಬಾಗುವುದಿಲ್ಲ, ಚುಚ್ಚುತ್ತದೆ. ನಮ್ಮ ಕುರಿಯ ಉಣ್ಣೆಯಲ್ಲಿ ಅಂಥ ಎಳೆಗಳೇ ಹೆಚ್ಚು. ಕುತ್ತಿಗೆಗೆ ತಾಗುವ ಉಡುಪು ಮಾಡಿದರೆ ಒಂದೇ ದಿನಕ್ಕೆ ತೆಗೆದಿಡುತ್ತೀರಿ. ಹೆಗಲಚೀಲ, ಕೂರುವ ಚಾಪೆ, ದಿಂಬಿನ ಕವರು, ಲ್ಯಾಪ್‌ಟಾಪ್ ಹಾಕುವ ಚೀಲ, ಅಂಗಿಯ ಮೇಲೆ ಹಾಕುವ ಜಾಕೀಟು, ಇವಕ್ಕೆ ಈ ಉಣ್ಣೆಗೆ ಸಮ ಇಲ್ಲ. ಮಳೆಯಲ್ಲಿ ತೊಯ್ದರೂ ಬೇಗ ಸೋರದೆ, ಒಳಗೆ ಬೆಚ್ಚಗಿಡುವ ಕಂಬಳಿಯ ಗುಣ ಇದೇ ದಪ್ಪ ಎಳೆಯದು. ಬಣ್ಣ ಹಾಕುವ ರಗಳೆಯೂ ಇಲ್ಲ, ಕುರಿಯೇ ಕಪ್ಪು. ತುದಿಗಳು ಬಿಸಿಲಿಗೆ ಕಂದಾಗಿರುವುದರಿಂದ ನೂಲಿನಲ್ಲಿ ಕಾಫಿಬಣ್ಣದ ಮಿಣುಕು ಬರುತ್ತದೆ. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಅಂಥ ಬಣ್ಣ ಸಿಗದು.

ಲೆಕ್ಕ ಹೀಗಾಗುತ್ತದೆ. ಒಂದು ತಿಂಗಳ ಅಭ್ಯಾಸದ ಮೇಲೆ ಗಂಟೆಗೆ ಸುಮಾರು 30 ಮೀಟರ್ ಒಂಟಿ ಎಳೆ ಬರುತ್ತದೆ ಅಂತಿಟ್ಟುಕೊಳ್ಳಿ. ಒಂದು ಹೆಗಲಚೀಲಕ್ಕೆ 200 ಮೀಟರ್ ಎರಡೆಳೆ ನೂಲು, ಅಂದರೆ 400 ಮೀಟರ್ ಒಂಟಿ ಎಳೆ ಬೇಕು. ಸೀಟು ಸಿಕ್ಕಿ, ಜನ ಇಳಿದು, ನಿಮಗೆ ದಿನಕ್ಕೆ ನಿಜವಾಗಿ ಒಂದು ಗಂಟೆ ಸಿಕ್ಕರೆ ಹದಿಮೂರು ಹದಿನಾಲ್ಕು ದಿನದ ಕೆಲಸ. ಹುರಿ ಮಾಡಲು ಒಂದು ಭಾನುವಾರ. ವಾರಕ್ಕೆ ಐದು ದಿನ ಓಡಾಡಿದರೆ ಮೂರು ವಾರಕ್ಕೆ ಚೀಲದ ನೂಲು ಕೈಯಲ್ಲಿರುತ್ತದೆ. ಮನೆಯಲ್ಲಿ ದೊಡ್ಡ ರಾಟೆ ಇಟ್ಟುಕೊಂಡ ನನ್ನ ಗೆಳತಿಯೊಬ್ಬಳಿಗೆ ಅದರ ಮುಂದೆ ಕೂರಲು ಪುರುಸೊತ್ತು ಸಿಕ್ಕಿದ್ದು ಕಳೆದ ದೀಪಾವಳಿಯಲ್ಲಿ.

ಉಳಿದ ಉಣ್ಣೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಬೆವರಿ ಮುಗ್ಗುತ್ತದೆ. ಹಳೇ ದಿಂಬಿನ ಕವರಿನಲ್ಲಿ ಒಣಗಿದ ಬೇವಿನ ಸೊಪ್ಪಿನ ಜೊತೆ ಇಡಿ, ಎರಡು ತಿಂಗಳಿಗೊಮ್ಮೆ ಬಿಸಿಲು ಕಾಣಿಸಿ. ನುಸಿಗೆ ಕತ್ತಲೆ ಇಷ್ಟ.

ಮಾವ ‘ಯಾರೂ ಕೇಳಲ್ಲ’ ಅಂದದ್ದು ಸುಮ್ಮನೆ ಅಲ್ಲ. ಉಣ್ಣೆಯ ಬೆಲೆ ಕತ್ತರಿಸುವ ಕೂಲಿಗೂ ಸಾಲದ ಹಾಗೆ ಬಿದ್ದ ಮೇಲೆ, ನಮ್ಮ ಕಡೆಯ ಎಷ್ಟೋ ಕುರಿಗಾರರು ಉಣ್ಣೆಯೇ ಬಾರದ, ಮಾಂಸಕ್ಕೆ ಮಾತ್ರ ಬೆಳೆಯುವ ಕೆಂಚು ತಳಿಗಳ ಟಗರನ್ನು ಮಂದೆಗೆ ಬಿಟ್ಟರು. ಅಂಥ ಮಿಶ್ರತಳಿಯ ಮೈಯಲ್ಲಿ ಉಣ್ಣೆಯ ಜೊತೆ ಗಿಡ್ಡ ಬಿರುಗೂದಲು ಸೇರಿಕೊಂಡಿರುತ್ತದೆ. ನೂಲುವಾಗ ಅದು ಹುರಿಯೊಳಗೆ ಕೂರದೆ ಉದುರಿ ನಿಮ್ಮ ತೊಡೆಯ ಮೇಲೆಲ್ಲ ಬೀಳುತ್ತದೆ. ನಿಮ್ಮ ಮೂಟೆಯಲ್ಲೂ ಇದೆಯೇ ಎಂದು ಒಂದು ಹಿಡಿ ತೆಗೆದು ಒದರಿ ನೋಡಿ. ಇದ್ದರೆ, ಮುಂದಿನ ಸಲ ಕತ್ತರಿ ಹಾಕುವ ಮುಂಚೆ ಮಾವನಿಗೊಂದು ಫೋನ್ ಮಾಡಿ. ಹಳೇ ಕರಿ ಕುರಿಗಳ ಉಣ್ಣೆಯನ್ನು ಬೇರೆ ಇಡಿಸಿ. ಮರಿಗಳ ಮೊದಲ ಕತ್ತರಿಯ ಉಣ್ಣೆ ಇದ್ದರೆ ಅದನ್ನು ಇನ್ನೊಂದು ಚೀಲಕ್ಕೆ ಹಾಕಿಸಿ. ಅದು ಎಲ್ಲಕ್ಕಿಂತ ಮೆತ್ತಗಿರುತ್ತದೆ. ಸ್ವೆಟರ್ ಆಗದಿದ್ದರೂ ಚಳಿಗಾಲಕ್ಕೆ ಅಂಗಿಯ ಕಾಲರಿನ ಮೇಲೆ ಹೊದೆಯುವ ಮಫ್ಲರಿಗೆ ಅದು ನಡೆಯುತ್ತದೆ. ಈ ಸಲ ಮಾತ್ರ ಬಿಟ್ಟಿ ತರಬೇಡಿ, ಕತ್ತರಿಸಿದವನ ಕೂಲಿಯ ಮೇಲೆ ಕಿಲೋಗೆ ಇಷ್ಟು ಅಂತ ಮಾವನ ಕೈಗೆ ಕೊಟ್ಟು ತನ್ನಿ.